ಕಿಟಕಿ ಮುಚ್ಚಿದ ಕುಲುಮೆ

ಕಾರ್ಖಾನೆ ಕೆಲಸದಿಂದ ನಿವೃತ್ತನಾಗಿ ಮನೆ ಸೇರಿದ ಕಮ್ಮಾರನಿಗೆ ಕೈ ಕಟ್ಟಿ ಕೂರಲು ಬರಲಿಲ್ಲ. ಹಿತ್ತಿಲ ಕೋಣೆಯಲ್ಲಿ ಇದ್ದಿಲಿನ ಕುಲುಮೆ ಹೂಡಿದ. ಬೀದಿಯವರ ಮಚ್ಚು, ಗುದ್ದಲಿ, ಬಾಗಿಲ ಚಿಲಕ ಎಲ್ಲ ಅಲ್ಲಿಗೇ ಬಂದವು. ಬೆಂಕಿಗೆ ಗಾಳಿ ಊದುವ ಯಂತ್ರದ ಹಿಡಿ ತಿರುಗಿಸುವವಳು ಹೆಂಡತಿ.

ಕಾದ ಕಬ್ಬಿಣದ ಹದವನ್ನು ಕಮ್ಮಾರರು ಬಣ್ಣದಲ್ಲಿ ಓದುತ್ತಾರೆ. ಹಗಲ ಬೆಳಕು ಬಿದ್ದರೆ ಕೆಂಪು ಯಾವುದು, ಕಿತ್ತಳೆ ಯಾವುದು, ತಿಳಿಯದು. ಅದಕ್ಕೇ ಅವನು ಕಿಟಕಿಗೆ ಹಲಗೆ ಹೊಡೆದ, ಬಾಗಿಲ ಸಂದಿಗೆ ಗೋಣಿ ತುರುಕಿದ. ಹೊಗೆ ತುಂಬಿಕೊಳ್ಳುತ್ತಲ್ಲ ಎಂದು ಹೆಂಡತಿ ಅಂದಿದ್ದಕ್ಕೆ, ಚೆನ್ನಾಗಿ ಹತ್ತಿದ ಇದ್ದಿಲು ಹೊಗೆ ಕಾರುವುದಿಲ್ಲ ಕಣೇ ಎಂದು ಬಾಯಿ ಮುಚ್ಚಿಸಿದ. ಅದೂ ನಿಜವೇ. ಹೊಗೆ ಇರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಹಿಡಿ ತಿರುಗಿಸುತ್ತ ಕೂತವಳಿಗೆ ಹಿತವಾದ ಮಂಪರು ಹತ್ತಿತು. ಕೆಂಡಗಳು ಒಂದೊಂದಾಗಿ ಕಣ್ಣು ಬಿಟ್ಟವು. ಬೆಂಕಿಯೊಳಗೆ ಒಂದು ಹೊಳೆ ಹರಿಯತೊಡಗಿತು. ದಡದಲ್ಲಿ ಎಂದೋ ತೀರಿಕೊಂಡ ಅವ್ವ ಬಟ್ಟೆ ಒಗೆಯುತ್ತಿದ್ದಳು. ಗಂಡನ ಸುತ್ತಿಗೆಯ ಸದ್ದೇ ಅವ್ವ ಬಟ್ಟೆ ಬಡಿಯುವ ಸದ್ದಾಯಿತು. ಬಾ ಮಗಳೇ, ನೀರು ಬೆಚ್ಚಗಿದೆ ಎಂದು ಅವ್ವ ಕರೆದಳು. ಮೈ ಹತ್ತಿಯಷ್ಟು ಹಗುರ. ಹಣೆಯ ಎರಡೂ ಬದಿ ಮಾತ್ರ ಟಕಟಕ ಬಡಿಯುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ನೀರು.

ಅಷ್ಟರಲ್ಲಿ ಬೆಳಕು ನುಗ್ಗಿತು. ಚಿಲಕ ರಿಪೇರಿಗೆಂದು ಬಂದ ಪಕ್ಕದ ಮನೆಯ ನರ್ಸಮ್ಮ ಬಾಗಿಲು ದೂಡಿದ್ದಳು. ಉಸಿರು ಬಿಗಿಹಿಡಿದು, ಕಂಕುಳಿಗೆ ಕೈಹಾಕಿ ಅವಳನ್ನು ಅಂಗಳಕ್ಕೆ ಎಳೆದಳು. ಹಿಂದೆಯೇ ಗಂಡನೂ ತೂರಾಡುತ್ತ ಬಂದ. ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಕೊಟ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಹೆಂಡತಿ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಮನೆಗೆ ಬಂದ ಮೇಲೂ ಕಮ್ಮಾರ ಹಿಡಿದ ಪಟ್ಟು ಬಿಡಲಿಲ್ಲ. ಝಳಕ್ಕೆ ತಲೆ ತಿರುಗಿತು ಅಷ್ಟೇ, ಮೂವತ್ತು ವರ್ಷ ಬೆಂಕಿ ಮುಂದೆ ನಿಂತವನು ನಾನು ಎಂದ.

"ಕಾರ್ಖಾನೆ ಸೂರು ಎಷ್ಟೆತ್ತರ ಇತ್ತಣ್ಣ? ಅಲ್ಲಿ ಗಾಳಿ ಆಡ್ತಿತ್ತು, ಇಲ್ಲಿ ಎಲ್ಲ ಮುಚ್ಚಿದ್ದೆ," ನೋಡಲು ಬಂದ ನರ್ಸಮ್ಮ ಅಂದಳು. "ಹೊಗೆ ಬಂದ್ರೆ ಕೆಮ್ಮಿ ಓಡ್ತೀವಿ. ಇದ್ದಿಲಿನ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಜೋಗುಳ ಹಾಡಿ ಮಲಗಿಸಿಬಿಡುತ್ತೆ."

"ನನಗೇನೂ ಮಂಪರು ಹತ್ತಲಿಲ್ಲ, ನನ್ನ ಕಣ್ಣು ನೆಟ್ಟಗೇ ಇತ್ತಮ್ಮ."

ಹೆಂಡತಿ ಎದ್ದು ಹೋಗಿ, ಅವತ್ತು ಬೆಂಕಿಯಲ್ಲಿದ್ದ ಮಚ್ಚು ತಂದು ಅವನ ತೊಡೆಯ ಮೇಲಿಟ್ಟಳು. ತುದಿ ಸೀದು, ಗೆದ್ದಲು ತಿಂದ ಹಲಗೆಯ ಹಾಗೆ ಉದುರುತ್ತಿತ್ತು. ಬೆಳ್ಳಗೆ ಕಾದು ಕಿಡಿ ಕಾರುವವರೆಗೂ ಅವನು ಅದನ್ನು ಹೊರಗೆ ತೆಗೆದಿರಲಿಲ್ಲ. ಕಸುಬು ಕಲಿತ ಮೇಲೆ ಅವನು ಸುಟ್ಟು ಕೆಡಿಸಿದ ಮೊದಲ ಕಬ್ಬಿಣ ಅದು.

"ನೆಟ್ಟಗಿದ್ದ ಕಣ್ಣಿಗೆ ಇದು ಕಾಣಲಿಲ್ವೇನ್ರಿ?" ಅಂದಳು.

ಅವನು ಮಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, ಕುಲುಮೆ ಎಲ್ಲಿಡಲಿ ಹೇಳಮ್ಮ ಎಂದು ನರ್ಸಮ್ಮನನ್ನೇ ಕೇಳಿದ.

ಈಗ ಅಂಗಳದ ಮೂಲೆಯಲ್ಲಿ ತಗಡಿನ ಚಪ್ಪರ. ಬಿಸಿಲ ಕಡೆಗೊಂದು ಗೋಡೆ, ಮೂರು ಕಡೆ ಬಯಲು. ಬಣ್ಣ ಓದಲು ಅಷ್ಟು ನೆರಳು ಸಾಕು. ಕುಲುಮೆಯೂ ಚಿಕ್ಕದು, ಬೋಗುಣಿಯಷ್ಟು. ಮಚ್ಚು, ಚಿಲಕಕ್ಕೆ ಅದಕ್ಕಿಂತ ದೊಡ್ಡದು ಯಾಕೆ? ಪಕ್ಕದಲ್ಲಿ ನೀರು, ಮರಳು. ಸತು ಬಳಿದ ಹಳೇ ಪೈಪನ್ನು ಯಾರಾದರೂ ತಂದರೆ ವಾಪಸ್ಸು ಕಳಿಸುತ್ತಾನೆ, ಕಾಯಿಸಿದರೆ ಅದರಿಂದ ಏಳುವ ಬಿಳಿ ಹೊಗೆ ಚಳಿಜ್ವರ ತರುತ್ತದೆ. ಹೆಂಡತಿ ಹತ್ತಿ ಸೀರೆಯುಟ್ಟು, ಸೆರಗು ಬಿಗಿದು ಕೂರುತ್ತಾಳೆ. ಕೆಂಡ ಪೂರ್ತಿ ಆರುವ ತನಕ ಇಬ್ಬರೂ ಏಳುವುದಿಲ್ಲ.

ಮನೆಯಲ್ಲಿ ಕುಲುಮೆ ಹೂಡುವ ಅಣ್ಣಂದಿರೇ, ಅಕ್ಕಂದಿರೇ, ಇದ್ದಿಲಾಗಲಿ ಗ್ಯಾಸಾಗಲಿ, ಬೆಂಕಿಯನ್ನು ಬಯಲಲ್ಲಿಡಿ. ತಲೆ ಭಾರವಾಯಿತೋ, ಮಂಪರು ಬಂತೋ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬನ್ನಿ. ಜೊತೆಯಲ್ಲಿ ಇರುವವರನ್ನೂ ಕರೆದುಕೊಂಡು ಬನ್ನಿ. ಕಬ್ಬಿಣ ಸೀದರೆ ಇನ್ನೊಂದು ಸಿಗುತ್ತದೆ.