ಸೂಜಿಯ ವಾಸನೆ

“ನಾಳೆ ಸೂಜಿ ಚುಚ್ಚಿಸ್ಕಂಡೋರು ಈ ಬಾಗ್ಲು ದಾಟಂಗಿಲ್ಲ. ಈಗ್ಲೇ ಹೇಳಿವ್ನಿ, ಆಮೇಲೆ ನನ್ನ ಬೈಕಬ್ಯಾಡಿ.”

ಹುಳದ ಮನೆಯ ಹೊಸ್ತಿಲ ಮೇಲೆ ನಿಂತು ಅದರ ಒಡೆಯ ಕೆಂಪರಾಜು ಹೇಳಿದ ಮಾತಿಗೆ, ಒಳಗೆ ಸೊಪ್ಪು ಹರಡುತ್ತಿದ್ದ ಹೆಂಗಸರ ಕೈಗಳು ಒಂದು ಗಳಿಗೆ ತಡೆದು ಮತ್ತೆ ಆಡತೊಡಗಿದವು. ನಿಲ್ಲಿಸುವ ಹಾಗಿರಲಿಲ್ಲ. ರೇಷ್ಮೆ ಹುಳ ಪೊರೆ ಕಳಚುವ ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಆ ಕೊನೆಯ ನಿದ್ದೆಯಿಂದ ಎದ್ದ ಹುಳಕ್ಕೆ ಗೂಡು ಕಟ್ಟುವ ತನಕ ಹಸಿವೊಂದೇ ಗೊತ್ತು. ಹಾಕಿದಷ್ಟೂ ತಿನ್ನುತ್ತವೆ, ತಿಂದು ತಲೆಯೆತ್ತಿ ಇನ್ನೂ ಕೇಳುತ್ತವೆ. ಇಡೀ ಬೆಳೆಯ ಹಣೆಬರಹ ಈ ಒಂದು ವಾರದಲ್ಲಿ ಬರೆದು ಮುಗಿಯುತ್ತದೆ.

“ಸೂಜಿಗೂ ಹುಳಕ್ಕೂ ಏನಣ್ಣ ಸಂಬಂಧ?” ಎಂದಳು ಗಂಗಲಕ್ಷ್ಮಮ್ಮ. ಕೆಂಪರಾಜು ಅವಳಿಗಿಂತ ಏಳೆಂಟು ವರ್ಷ ಚಿಕ್ಕವನು. ಆದರೂ ಅವನು ಅಣ್ಣ. ಅವನ ಬಾಯಲ್ಲಿ ಅವಳು ಹೋಗೇ, ಬಾರೇ.

“ಔಷ್ದಿ ಬೆವರಾಗಿ ಮೈಯಿಂದ ಆಚೆ ಬತ್ತದಂತೆ ಕಣಮ್ಮಿ. ಆ ವಾಸ್ನೆಗೆ ಮಾಗಡಿ ಕಡೆ ಯಾರ್ದೋ ಪೂರಾ ಬೆಳೆನೇ ಹಾಲು ರೋಗ ಹತ್ತಿ ತಿಪ್ಪೆ ಸೇರ್ತಂತೆ. ನಾನೇನು ನಿಮ್ಮ ಕೈ ಹಿಡ್ಕಂಡಿಲ್ಲ. ಚುಚ್ಚಿಸ್ಕಳೋರು ಚುಚ್ಚಿಸ್ಕಳಿ, ಈ ಕಡೆ ಮಾತ್ರ ತಲೆ ಹಾಕ್ಬ್ಯಾಡಿ.”

ಗಂಗಲಕ್ಷ್ಮಮ್ಮ ಆ ಮಾತನ್ನು ಅರ್ಧ ನಂಬಿದಳು. ನಂಬದೆ ಏನು ಮಾಡಿಯಾಳು? ಹುಳದ ಮನೆಯ ಕಟ್ಟಳೆಯೇ ಹಾಗೆ. ಬೀಡಿ ಸೇದಿದವರು ಒಳಗೆ ಬರುವಂತಿಲ್ಲ, ಮಲ್ಲಿಗೆ ಮುಡಿದವರು ಬರುವಂತಿಲ್ಲ, ಸೊಳ್ಳೆಬತ್ತಿ ಹಚ್ಚಿದ ಕೋಣೆಯಲ್ಲಿ ಮಲಗಿದವರು ಮೈ ತೊಳೆಯದೆ ಬರುವಂತಿಲ್ಲ. ಪೌಡರು ಹಾಕಿಕೊಂಡು ಬಂದ ಹೊಸ ಮದುವಣಗಿತ್ತಿಯೊಬ್ಬಳನ್ನು ಹೋದ ವರ್ಷ ಅವಳೇ ಬಾಗಿಲಿಂದ ವಾಪಸು ಅಟ್ಟಿದ್ದಳು. ಇಷ್ಟು ವಾಸನೆಗಳ ಸಾಲಿನಲ್ಲಿ ಸೂಜಿಯದೂ ಒಂದು ಎಂದರೆ ಅದು ತಂತಾನೇ ಜಾಗ ಮಾಡಿಕೊಂಡು ಕೂತುಬಿಟ್ಟಿತು.

ಆದರೆ ಅವಳ ಮಡಿಲಲ್ಲಿ ಇನ್ನೊಂದು ಭಾರ ಕೂತಿತ್ತು. ಹೋದ ತಿಂಗಳು ಕೊರೊನಾ ಹತ್ತಿದ ತಂಗಿ ಚಿಕ್ಕತಾಯಮ್ಮ ಆಸ್ಪತ್ರೆಯ ಗೇಟಿನ ಮುಂದೆ, ಆಟೋದೊಳಗೆ, ಅವಳ ತೊಡೆಯ ಮೇಲೆಯೇ ಉಸಿರಿಗೆ ಬಾಯಿಬಿಟ್ಟು ಬಾಯಿಬಿಟ್ಟು ನಿಂತುಹೋಗಿದ್ದಳು. ಹಾಸಿಗೆ ಖಾಲಿಯಿಲ್ಲ ಎಂದವರು, ಹೆಣವಾದ ಮೇಲೆ ಚೀಲ ಹಿಡಿದುಕೊಂಡು ಓಡಿ ಬಂದಿದ್ದರು. ಮುಖಕ್ಕೆ ಅರಿಶಿನ ಹಚ್ಚಲೂ ಬಿಟ್ಟಿರಲಿಲ್ಲ.

ಸಂಜೆ ಕೇರಿಯ ಹೊಂಗೆ ಮರದಡಿ ಆಶಾ ಕಾರ್ಯಕರ್ತೆ ಲತಾಮಣಿ ಬಂದು, “ನಾಳೆ ಬೆಳಿಗ್ಗೆ ಸ್ಕೂಲಲ್ಲಿ ಕ್ಯಾಂಪು. ಎಲ್ಲರೂ ಆಧಾರ್ ಕಾರ್ಡ್ ತನ್ನಿ,” ಎಂದದ್ದೇ ತಡ, ಮಾತಿಗೆ ಬೆಂಕಿ ಬಿತ್ತು. ಮೊದಲು ಬಾಯಿ ತೆಗೆದವನು ಗಂಗಲಕ್ಷ್ಮಮ್ಮನ ಗಂಡ ಮುನಿಶಾಮಯ್ಯ. ರಾಮನಗರದ ಗೂಡಿನ ಮಾರುಕಟ್ಟೆಗೆ ಟೆಂಪೋ ಓಡಿಸುವವನು, ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನೋಡಿ ನೋಡಿ ಹೆದರಿದ್ದ.

“ಲತಾಮಣಿ, ನಿನ್ನ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣವ್ವ. ಆದ್ರೆ ಒಂದು ಹೇಳು. ಸರ್ಕಾರದೋರು ಯಾವತ್ತಾರ ಒಂದೊಳ್ಳೇದನ್ನ ಮೊದ್ಲು ನಮ್ಮ ಕೇರಿಗೆ ತಂದವ್ರಾ? ಕರೆಂಟು ಬಂದಿದ್ದು ಕೊನೆಗೆ, ನಲ್ಲಿ ಬಂದಿದ್ದು ಕೊನೆಗೆ. ಸೂಜಿ ಮಾತ್ರ ಮೊದ್ಲು! ಯಾಕೆ? ನಮ್ಗೆ ಚುಚ್ಚಿ ನೋಡದು, ಬದುಕ್ಕಂಡ್ರೆ ಆಮೇಲೆ ಊರೋರ್ಗೆ ಚುಚ್ಚದು.”

ಲತಾಮಣಿ ಬೆವರೊರೆಸಿಕೊಂಡಳು. ಅವನ ಮಾತು ಸುಳ್ಳೆನ್ನಲು ಅವಳಿಗೂ ಆಗಲಿಲ್ಲ. ಅವಳು ಹುಟ್ಟಿದ್ದೂ ಅಂಥದ್ದೇ ಒಂದು ಕೇರಿಯಲ್ಲಿ. “ಬೆಂಗ್ಳೂರಲ್ಲಿ ದುಡ್ಡಿರೋರೆಲ್ಲ ಕ್ಯೂ ನಿಂತವ್ರೆ ಮಾವ,” ಎಂದಳು ಮೆಲ್ಲಗೆ.

“ನೀನು ಕಂಡೆಯಾ?”

“ಚಿಕ್ಕತಾಯಿಗೆ ಯಾವ್ದೂ ಮೊದ್ಲು ಬರ್ನಿಲ್ಲ,” ಎಂದಳು ಗಂಗಲಕ್ಷ್ಮಮ್ಮ. “ಹಾಸ್ಗೆ ಬರ್ನಿಲ್ಲ, ಗಾಳಿ ಬರ್ನಿಲ್ಲ. ಒಂದ್ಸಲ ಏನೋ ಮೊದ್ಲು ಬಂದೈತೆ ಅಂದ್ರೆ, ಅದ್ನ ಒದ್ದು ಕಳಿಸ್ಬೇಕಾ?”

“ಸರಿ ಕಣಕ್ಕ, ಕೂಲಿ?” ಪಕ್ಕದ ಮನೆಯ ಭಾಗ್ಯ ಕೇಳಿದಳು. “ಸೂಜಿ ತಕ್ಕಂಡ್ರೆ ಕೆಂಪರಾಜಣ್ಣ ಒಳೀಕೆ ಬುಡಕಿಲ್ಲ. ಲಾಕ್‌ಡೌನ್ ಆದಾಗಿಂದ ಬ್ಯಾರೆ ಎಲ್ಲೈತೆ ಕೆಲ್ಸ?”

ಜನ ಒಬ್ಬೊಬ್ಬರೇ ಎದ್ದು ಹೋದರು.

ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಒಂದು ಮೇಜು, ಒಂದು ಕುರ್ಚಿ, ಐಸು ತುಂಬಿದ ನೀಲಿ ಡಬ್ಬಿ. ನರ್ಸಮ್ಮ ಮಾಸ್ಕು ಸರಿಮಾಡಿಕೊಳ್ಳುತ್ತ ದಾರಿ ನೋಡುತ್ತಿದ್ದಳು. ಕೇರಿಯ ಹೆಂಗಸರು ಬಂದಿದ್ದರು ನಿಜ, ಆದರೆ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಎದುರಿನ ಹಾಲಿನ ಡೈರಿಯ ಕಟ್ಟೆಯ ಮೇಲೆ ಊರ ಗಂಡಸರು ಕ್ಯಾನುಗಳನ್ನು ಪಕ್ಕಕ್ಕಿಟ್ಟು ತಮಾಷೆ ನೋಡಲು ಕೂತಿದ್ದರು. ಗೇಟಿಗೆ ಅಡ್ಡಲಾಗಿ ಬೈಕು ನಿಲ್ಲಿಸಿ, ಅದರ ಮೇಲೆ ಕೆಂಪರಾಜು.

“ಯೋಚ್ನೆ ಮಾಡಿ ಹೋಗ್ರಮ್ಮೋ,” ಅವನ ದನಿ ನಯವಾಗಿತ್ತು. “ಒಂದು ಸೂಜಿ ಆಸೆಗೆ ಸ್ಥಿರವಾದ ಕೂಲಿ ಕಳ್ಕಬ್ಯಾಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಾವ್ನಿ.”

“ಹೆಂಗಸ್ರಿಗೆ ಇದೊಂದು ಫ್ಯಾಷನ್ ಆಗೋಯ್ತು ಕಣ್ಲಾ!” ಎಂದು ಕಟ್ಟೆಯಿಂದ ಒಬ್ಬ ಕೂಗಿದ. ಉಳಿದವರು ನಕ್ಕರು.

ನಾಳೆಯಿಂದ ಒಲೆಗೆ ಏನು ಎಂಬುದು ಗಂಗಲಕ್ಷ್ಮಮ್ಮನಿಗೆ ಗೊತ್ತಿರಲಿಲ್ಲ. ಆ ವಾಸನೆಯ ಮಾತು ನಿಜವೇ ಆಗಿದ್ದರೆ ಇನ್ನು ಈ ಜನ್ಮದಲ್ಲಿ ಹುಳ ಮುಟ್ಟುವಂತಿಲ್ಲ ಎಂಬ ಸಂಕಟ ಬೇರೆ. ಕೈಯಾರೆ ಸಾಕಿದ ಹುಳ. ಅವು ಬೆಳ್ಳಗೆ ಮಿಂಚಿ ಹಣ್ಣಾಗುವುದನ್ನು ನೋಡದೆ ಅವಳಿಗೆ ಯಾವ ತಿಂಗಳೂ ತಿಂಗಳೆನಿಸಿದ್ದಿಲ್ಲ. ಆದರೂ ಗೋಡೆ ಬಿಟ್ಟು ನಡೆದಳು. ಬೈಕಿನ ಪಕ್ಕದಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಾಟಿದಳು. ಕುರ್ಚಿಯಲ್ಲಿ ಕೂತು ರವಿಕೆಯ ತೋಳು ಮೇಲಕ್ಕೆ ಸರಿಸಿದಳು.

“ಹೆದ್ರಿಕೆನಾ?” ಎಂದಳು ನರ್ಸಮ್ಮ.

“ಹೂಂ. ಚುಚ್ಚವ್ವ.”

ಇರುವೆ ಕಚ್ಚಿದಷ್ಟೇ. ಹತ್ತಿ ಒತ್ತಿಕೊಂಡು ತಿರುಗಿ ನೋಡಿದರೆ, ಗೋಡೆಯ ಹೆಂಗಸರು ಇನ್ನೂ ಗೋಡೆಯಲ್ಲೇ ಇದ್ದರು. ಭಾಗ್ಯ ಒಂದು ಹೆಜ್ಜೆ ಮುಂದಿಟ್ಟು, ಕೆಂಪರಾಜುವಿನ ಮುಖ ನೋಡಿ ಹಿಂದೆ ಸರಿದಳು.

ಅಷ್ಟರಲ್ಲಿ ಗೇಟಿನಲ್ಲಿ ಕೋಲಿನ ಸದ್ದಾಯಿತು. ಕೆಂಪರಾಜುವಿನ ತಾಯಿ ಬೋರಮ್ಮ, ಎಪ್ಪತ್ತು ದಾಟಿದ ಮುದುಕಿ, ಮಗನ ಬೈಕನ್ನು ಕೋಲಿನಿಂದ ತಟ್ಟಿ, “ಅತ್ಲಾಗ್ ತಗಿಯೋ ಇದ್ನ,” ಎನ್ನುತ್ತ ಒಳಗೆ ಬಂದಳು.

“ಅವ್ವಾ, ನೀನ್ಯಾಕ್ ಬಂದೆ? ಮನೇಗ್ ನಡಿ!”

“ಬಂದೆ. ನಂದೂ ಒಂದು ಜೀವ ಅಲ್ವಾ?”

ಲತಾಮಣಿ ಓಡಿಹೋಗಿ ಕೈ ಹಿಡಿದುಕೊಂಡಳು. “ಅಜ್ಜಿ, ಒಂದೆರಡು ದಿನ ಜ್ವರ ಬರಬೋದು. ಭಯ ಬೀಳ್ಬಾರ್ದು.”

“ಗೊತ್ತು ಬುಡವ್ವ. ನಮ್ಮ ರಾಜಂಗೂ ಬಂದಿತ್ತಲ್ಲ,” ಎಂದಳು ಬೋರಮ್ಮ. ಕಿವಿ ಮಂದವಾದವರ ದನಿ ಅದು, ಡೈರಿಯ ಕಟ್ಟೆಗೂ ಕೇಳಿಸಿತು. “ಬೆಂಗ್ಳೂರಿಗೆ ಕಾರಲ್ಲಿ ಹೋಗಿ ಚುಚ್ಚಿಸ್ಕಂಡು ಬಂದ. ಆವತ್ತು ಪೂರಾ ‘ಅವ್ವಾ, ಅವ್ವಾ’ ಅಂತ ಕರ ನರಳ್ದಂಗೆ ನರಳ್ದ. ಮೆಣಸ್ನ ಸಾರು ಕಾಸಿಕೊಟ್ಟೆ, ಎದ್ದು ಹುಳದ ಮನೆಗೆ ಹೋದ. ನನ್ನೂ ಒಸಿ ಕರ್ಕಂಡೋಗ್ಲಾ ಅಂದ್ರೆ, ವಯಸ್ಸಾದೋಳಿಗೆ ಯಾಕೆ ಅಂದ. ನೋಡಿದ್ಯಾ ಇವನ ನ್ಯಾಯಾನ?”

ಅಂಗಳದ ಮುಖಗಳೆಲ್ಲ ಕೆಂಪರಾಜುವಿನ ಕಡೆ ತಿರುಗಿದವು.

“ಇದು ಯಾವಾಗವ್ವಾ?” ಗಂಗಲಕ್ಷ್ಮಮ್ಮ ಕುರ್ಚಿಯಿಂದ ಎದ್ದಳು.

“ಮರಿ ಹುಳ ತಂದು ಬುಟ್ವಲ್ಲ, ಆವತ್ತೇ ಕಣವ್ವ.”

ಅಂದರೆ ಇಡೀ ಬೆಳೆ. ಸೂಜಿ ಚುಚ್ಚಿಸಿಕೊಂಡ ಮೈ ಹೊತ್ತು ಅವನು ಎರಡು ಹೊತ್ತೂ ಒಳಗೆ ಓಡಾಡಿದ್ದ, ಹುಳವನ್ನು ಅಂಗೈಯಲ್ಲಿ ಎತ್ತಿ ನೋಡಿದ್ದ. ಒಂದೇ ಒಂದು ಹುಳ ಬಾಡಿರಲಿಲ್ಲ. ಇಷ್ಟು ಚೆಂದದ ಹುಳ ಅವಳೂ ಈಚೆಗೆ ಕಂಡಿರಲಿಲ್ಲ. ಹಾಗಾದರೆ ಅವನು ಹೆದರಿದ್ದು ವಾಸನೆಗಲ್ಲ. ಹುಳ ಹಗಲಿರುಳು ತಿನ್ನುವ ಈ ವಾರದಲ್ಲಿ ಕೂಲಿಯವರಾದ ತಾವು ಜ್ವರವೆಂದು ಮಲಗಿಬಿಟ್ಟರೆ ಎಂದು. ಅವನು ಮಲಗಿ ನರಳಬಹುದು, ತಾವು ಮಲಗಬಾರದು. ಚಿಕ್ಕತಾಯಿಯ ಹಾಗೆ ಸತ್ತರೂ ಅಡ್ಡಿಯಿಲ್ಲ, ಗೂಡು ಬಿಡಿಸಿದ ಮೇಲೆ ಸಾಯಬೇಕು.

ಎದೆಯಲ್ಲಿ ಎದ್ದ ಸಿಟ್ಟು ಬಾಯಿಗೆ ಬರುವ ಹೊತ್ತಿಗೆ ನಗುವಾಗಿತ್ತು.

“ಹಂಗಾರೆ ಈ ಸಲದ ಬೆಳೆ ಪೂರಾ ಸೂಜಿ ವಾಸ್ನೆ ಕುಡ್ದೇ ಬೆಳ್ದದೆ ಅನ್ನಿ!”

“ಅದು… ಅದು ಬ್ಯಾರೆ ಕಣಮ್ಮಿ,” ಕೆಂಪರಾಜು ತೊದಲಿದ. “ಅದು ಪ್ರೈವೇಟ್ ಆಸ್ಪತ್ರೇದು.”

“ಪ್ರೈವೇಟ್ ಸೂಜಿಗೆ ವಾಸ್ನೆ ಇರಕಿಲ್ವಾ ಅಣ್ಣ?”

ಮೊದಲು ಭಾಗ್ಯ ನಕ್ಕಳು. ಆಮೇಲೆ ಗೋಡೆಗೆ ಗೋಡೆಯೇ ನಕ್ಕಿತು. ಕಟ್ಟೆಯ ಮೇಲೆ ಒಬ್ಬ ತಡೆಯಲಾರದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಗೇಟಿನಾಚೆ ಟೆಂಪೋ ನಿಲ್ಲಿಸಿ ನೋಡುತ್ತಿದ್ದ ಮುನಿಶಾಮಯ್ಯ ಇಳಿದು ಬಂದು ಸಾಲಿನಲ್ಲಿ ನಿಂತ.

“ನೀನ್ಯಾಕಪ್ಪ ಬಂದೆ?” ಹೆಂಡತಿ ಕೆಣಕಿದಳು. “ನಮ್ಗೆ ಚುಚ್ಚಿ ನೋಡ್ತಾರೆ ಅಂತಿದ್ದೆ?”

“ನಮ್ಗಿಂತ ಮೊದ್ಲು ಅವ್ರಿಗೇ ಚುಚ್ಚಿ ನೋಡವ್ರಲ್ಲಮ್ಮಿ. ಬದುಕೇ ಅವ್ರಲ್ಲ!” ಎಂದು ಅಂಗಿಯ ತೋಳು ಮಡಚಿದ.

ಹೆಂಗಸರು ಒಬ್ಬರ ಬೆನ್ನಿಗೊಬ್ಬರು ಕುರ್ಚಿಗೆ ಬಂದರು. ಎಲ್ಲರದೂ ಮುಗಿದಾಗ ಕೆಂಪರಾಜು ಬೈಕಿಗೆ ಕಿಕ್ ಹೊಡೆಯುತ್ತ, ಏನೂ ಆಗಿಲ್ಲವೆನ್ನುವಂತೆ, “ಸರಿ ಸರಿ, ನಡೀರಿ. ಹುಳಕ್ಕೆ ಹೊತ್ತಾಯ್ತು,” ಎಂದ.

“ಎಲ್ಲಿಗೆ ನಡಿಯದು?” ಗಂಗಲಕ್ಷ್ಮಮ್ಮ ಕದಲಲಿಲ್ಲ. “ಸೂಜಿ ಚುಚ್ಚಿಸ್ಕಂಡೋರು ಬಾಗ್ಲು ದಾಟಂಗಿಲ್ಲ ಅಂತ ನೀವೇ ಅಂದ್ರಲ್ಲ. ನಾವು ದಾಟಕಿಲ್ಲಪ್ಪ. ನಡೀರಮ್ಮಿ ಮನೆಗೆ.”

ಕೇರಿಗೆ ಬಂದು ಹೊಂಗೆ ಮರದ ನೆರಳಲ್ಲಿ ಕೂತರು. ಎಲೆ ಅಡಿಕೆ ಚೀಲ ಕೈಯಿಂದ ಕೈಗೆ ಹೋಯಿತು. ಹೆಂಗಸರು ಕೆಂಪರಾಜುವಿನಂತೆ “ಪ್ರೈವೇಟ್ ಆಸ್ಪತ್ರೇದು” ಎಂದು ಅಣಕಿಸಿ ಬಿದ್ದು ಬಿದ್ದು ನಕ್ಕರು. ಗಂಗಲಕ್ಷ್ಮಮ್ಮನೂ ನಕ್ಕಳು, ಆದರೆ ಹೊತ್ತು ಏರಿದಂತೆ ಅವಳ ಕೈ ತನಗೆ ತಾನೇ ಸೊಪ್ಪು ಹರಡುವ ಹಾಗೆ ತೊಡೆಯ ಮೇಲೆ ಆಡುತ್ತಿತ್ತು. ಈಗ ಬರೀ ಕಡ್ಡಿ ಉಳಿದಿರುತ್ತದೆ. ಈಗ ತಲೆಯೆತ್ತಿ ಹುಡುಕುತ್ತಿರುತ್ತವೆ. ಮೂಗಪ್ರಾಣಿಗಳು ಏನು ತಪ್ಪು ಮಾಡಿದ್ದವು? ಎರಡು ಸಲ ಏಳಲು ಹೋಗಿ ಕೂತಳು. ತನ್ನ ಈ ಕರುಳನ್ನು ನಂಬಿಯೇ ಅವನು ಇಷ್ಟು ವರ್ಷ ಬಾಗಿಲಲ್ಲಿ ನಿಂತು ಮಾತಾಡಿದ್ದು ಎಂದು ಹೊಳೆದಾಗ, ಕೈಗಳನ್ನು ಕಂಕುಳಲ್ಲಿ ಅದುಮಿ ಇಟ್ಟುಕೊಂಡಳು.

ಅತ್ತ ಕೆಂಪರಾಜು ಊರೆಲ್ಲ ತಿರುಗಿದ್ದ. ಯಾರು ಬಂದಾರು? ಎಲ್ಲರ ಮನೆಯಲ್ಲೂ ಹುಳ, ಎಲ್ಲ ಹುಳಕ್ಕೂ ಹಸಿವು. ಬೆಳಿಗ್ಗೆ ನಕ್ಕವರೂ ತಮ್ಮ ಕೂಲಿಯವರನ್ನು ಕರೆಯಲು ಓಡುತ್ತಿದ್ದರು. ಒಬ್ಬನೇ ಸೊಪ್ಪು ಕೊಯ್ದ, ಹೊರೆ ಕಟ್ಟಿದ, ಅಷ್ಟಕ್ಕೇ ಅಂಗೈ ಕುಯ್ದುಕೊಂಡ. ಹೊತ್ತು ನೆತ್ತಿಯಿಂದ ವಾಲುತ್ತಿದ್ದಾಗ ಕೇರಿಯ ತಿರುವಿನಲ್ಲಿ ಅವನ ತಲೆ ಕಂಡಿತು. ಓಟು ಕೇಳುವ ದಿನ ಬಿಟ್ಟರೆ ಆ ತಿರುವಿನಿಂದ ಈಚೆಗೆ ಅವನು ಹೆಜ್ಜೆ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ಗಂಗಲಕ್ಷ್ಮಮ್ಮ… ಬನ್ರಮ್ಮ. ಅವುಗಳ ಮುಖ ನೋಡಕಾಯ್ತಿಲ್ಲ.”

ಗಂಗಲಕ್ಷ್ಮಮ್ಮ ಕೂತೇ ಮಾತಾಡಿದಳು. “ಬತ್ತೀವಿ. ನೆನ್ನೆ ಹೊಸ್ತಿಲ ಮ್ಯಾಲೆ ನಿಂತು ಹೇಳುದ್ರಲ್ಲ, ಇವತ್ತು ಇಲ್ಲಿ ನಿಂತು ಅಷ್ಟೇ ಗಟ್ಟಿಯಾಗಿ ಹೇಳಿ. ಕೇರಿ ಪೂರಾ ಕೇಳ್ಬೇಕು.”

ಅವನು ಸುತ್ತ ನೋಡಿದ. ಮನೆಮನೆಯ ಬಾಗಿಲಲ್ಲೂ ಜನವಿದ್ದರು. “ಸೂಜಿ ಹಾಕಿಸ್ಕಂಡೋರು ಬರಬೋದು,” ಎಂದ.

“ಆ ಕೊನೇ ಮನೆ ಅಜ್ಜಿಗೆ ಕೇಳಿಸ್ನಿಲ್ಲ.”

“ಸೂಜಿ ಹಾಕಿಸ್ಕಂಡೋರು ಬರಬೋದು! ಸೂಜಿಯಿಂದ ಹುಳಕ್ಕೇನೂ ಆಗಕಿಲ್ಲ!”

“ಜ್ವರ ಬಂದು ಮಲಗ್ದೋರ ಕೂಲಿ ಮುರ್ಕಳಂಗಿಲ್ಲ.”

“ಇಲ್ಲ. ಮುರ್ಕಳಕಿಲ್ಲ.”

“ಏಳ್ರಮ್ಮಿ,” ಎಂದಳು ಗಂಗಲಕ್ಷ್ಮಮ್ಮ.

ಹೊಲದ ಬದುವಿನಲ್ಲಿ ಸೊಪ್ಪಿನ ಹೊರೆಗಳು ಬಿಸಿಲಿಗೆ ಬಾಡಲು ಕಾಯುತ್ತಿದ್ದವು. ಅವಳು ಬಾಗಿ ಒಂದನ್ನು ಎತ್ತಲು ಹೋದಳು. ಚುಚ್ಚಿಸಿಕೊಂಡ ತೋಳು ಕಲ್ಲಾಗಿತ್ತು, ಭುಜದಿಂದ ಮೇಲೇಳಲಿಲ್ಲ. ಭಾಗ್ಯ ಪ್ರಯತ್ನಿಸಿದಳು, ಅವಳದೂ ಏಳಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಎಲ್ಲರೂ ಕೆಂಪರಾಜುವಿನ ಕಡೆ ನೋಡಿದರು.

ಅವನು ಟವೆಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತ. ಸೂಜಿ ಮುಟ್ಟದ ಕೈಗಳೆಲ್ಲ ಸೇರಿ ಹೊರೆಯನ್ನು ಅವನ ಮೇಲೇರಿಸಿದವು. ಎದ್ದು ನಿಂತಾಗ ಕಡ್ಡಿಗಳು ಬಾಗಿ ಅವನ ಕಣ್ಣು ಮೂಗು ಎಲ್ಲ ಮುಚ್ಚಿಹೋದವು. ಗಂಗಲಕ್ಷ್ಮಮ್ಮ ಬರಿಗೈಯಲ್ಲಿ ಮುಂದೆ ನಡೆದಳು. ಡೈರಿಯ ಕಟ್ಟೆ ದಾಟುವಾಗ ತಿರುಗದೆಯೇ, “ಒಸಿ ಎಡಕ್ಕೆ ಬನ್ನಿ, ಅಲ್ಲಿ ಕಲ್ಲೈತೆ,” ಎಂದಳು. ಎಲೆಗಳ ಒಳಗಿನಿಂದ ಅವನು “ಹೂಂ” ಎಂದು ಎಡಕ್ಕೆ ಸರಿದ. ಯಾರದೋ ಮೇಕೆಯೊಂದು ಹಿಂದಿನಿಂದ ಬಂದು, ಜೋತಾಡುತ್ತಿದ್ದ ಕುಡಿಯೊಂದನ್ನು ಬಾಯಲ್ಲಿ ಹಿಡಿದು, ಹೊರೆಯ ಜೊತೆಜೊತೆಗೇ ನಡೆಯತೊಡಗಿತು.