ಇನಾಯತುಲ್ಲಾ ಸುತ್ತಿದ ಪಿಕಪ್

ಶಿರಾದ ಇನಾಯತುಲ್ಲಾ ರೇಡಿಯೊ ರಿಪೇರಿ ಮಾಡುತ್ತಿದ್ದ. ಅವನ ಅಣ್ಣ ಗುಲಾಮ್ ಮೊಹಿದ್ದೀನ್ ಮದುವೆಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಯುದ್ಧದ ಕಾಲದಲ್ಲಿ ಬೆಂಗಳೂರು ದಂಡಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾಗ ಅಣ್ಣ ಒಬ್ಬ ಕಪ್ಪು ಅಮೆರಿಕನ್ ಸಿಪಾಯಿಯ ಗಿಟಾರ್ ಕೇಳಿದ್ದ. ಇದಕ್ಕೆ ಬ್ಲೂಸ್ ಅನ್ನುತ್ತಾರೆ ಎಂದು ಆ ಸಿಪಾಯಿಯೇ ಹೇಳಿದ್ದನಂತೆ. ಹದಿನೆಂಟು ವರ್ಷವಾದರೂ ಆ ದನಿ ಅವನ ಕಿವಿ ಬಿಟ್ಟಿರಲಿಲ್ಲ.

“ಅದು ಅಳೋದಲ್ಲ ಕಣ್ಲಾ. ಅತ್ತು ಅತ್ತು ಗಂಟಲು ಕಟ್ಟಿದೋನು ಮಾತಾಡ್ದಂಗೆ,” ಅನ್ನುತ್ತಿದ್ದ.

ಅರವತ್ತೆರಡರ ಬೇಸಿಗೆಯಲ್ಲಿ ಇನಾಯತುಲ್ಲಾ ಎರಡು ಪಿಕಪ್‌ಗಳನ್ನು ಅಣ್ಣನ ಮುಂದಿಟ್ಟ. ಪಿಕಪ್ ಅಂದರೆ ಗಿಟಾರಿನ ತಂತಿಗಳ ಕೆಳಗೆ ಕೂರುವ ಅಯಸ್ಕಾಂತ. ಸುತ್ತಲೂ ಕೂದಲಿಗಿಂತ ಸಣ್ಣ ತಾಮ್ರದ ಎಳೆ. ತಂತಿಯ ನಡುಕವನ್ನು ರೇಡಿಯೊಗೆ ಮುಟ್ಟಿಸಿ ದೊಡ್ಡದು ಮಾಡಿಸುವುದು ಅದೇ. ಒಂದು ಬೊಂಬಾಯಿಯಿಂದ ತರಿಸಿದ್ದು. ಇನ್ನೊಂದನ್ನು ಹಳೆಯ ಹೆಡ್‌ಫೋನಿನ ಎಳೆ ಬಿಚ್ಚಿ ಹನ್ನೊಂದು ದಿನ ಕೂತು ತಾನೇ ಸುತ್ತಿದ್ದ.

ಬೊಂಬಾಯಿಯದು ಗಾಜಿನಂಥ ದನಿ ಕೊಟ್ಟಿತು. ಅಣ್ಣ ತಲೆಯಾಡಿಸಿದ. “ಮದುವೆ ಮನೆಗೆ ಆಯ್ತದೆ. ಇದ್ರಲ್ಲಿ ದುಃಖ ಇಲ್ಲ.”

ಎರಡನೆಯದರಲ್ಲಿ ಒಂದೇ ತಂತಿ ಮೀಟಿದ. ದನಿ ಒರಟಾಗಿ, ಒದ್ದೆಯಾಗಿ ಎದ್ದು, ನಿಧಾನವಾಗಿ ಕುಸಿಯಿತು. ಅದರ ಹಿಂದೆ ರೇಡಿಯೊದಿಂದ ಗುಂಯ್ ಎನ್ನುವ ಸದ್ದೊಂದು ಉಳಿಯಿತು. ಅಣ್ಣನ ಕಣ್ಣು ತುಂಬಿತ್ತು.

“ಇದೇ. ಆದ್ರೆ ಈ ಗುಂಯ್ ಅನ್ನೋದನ್ನ ನಿಲ್ಲಿಸ್ಕೊಡು.”

ಗಿಟಾರಿನ ತಂತಿಗಳಿಂದ ರೇಡಿಯೊದ ಲೋಹದ ಚೌಕಟ್ಟಿಗೆ ಒಂದು ವೈರು ಬೆಸೆದರೆ ಗುಂಯ್‌ಗುಟ್ಟುವುದು ನಿಲ್ಲುತ್ತಿತ್ತು. ಆದರೆ ಅಣ್ಣನ ಮನೆಯ ಆ ಅಗ್ಗದ ರೇಡಿಯೊದ ಎರಡು ಕಡ್ಡಿಯ ಪ್ಲಗ್ಗನ್ನು ತಿರುಗುಮುರುಗಾಗಿ ಸಿಗಿಸಿದರೆ ಚೌಕಟ್ಟಿಗೇ, ಅಲ್ಲಿಂದ ತಂತಿಗಳಿಗೂ ಕರೆಂಟು ಬರುತ್ತದೆ. ಅದು ಇನಾಯತುಲ್ಲಾನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಣ್ಣನ ಮುಖ ನೋಡಿ ಬೆಸೆದ. ಪ್ಲಗ್ಗಿನ ಒಂದು ಬದಿಗೆ ಕೆಂಪು ಬಣ್ಣ ಬಳಿದು, “ಭಾಯ್, ಕೆಂಪು ಯಾವಾಗ್ಲೂ ಮೇಲಿರ್ಬೇಕು,” ಎಂದ. ಅತ್ತಿಗೆ ಜಹೀದಾಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಒಂಬತ್ತು ದಿನ ಅಣ್ಣ ಮನಸಾರೆ ನುಡಿಸಿದ. ಹತ್ತನೆಯ ದಿನ ಶುಕ್ರವಾರ. ನಮಾಜಿನಿಂದ ಬಂದು ಕಾಲು ತೊಳೆದುಕೊಂಡು, ಹಸಿಪಾದದಲ್ಲೇ ಕಲ್ಲುಹಾಸಿನ ಮೇಲೆ ನಿಂತು ಗಿಟಾರ್ ಎತ್ತಿಕೊಂಡ. ಜಹೀದಾಳ ಚೀರಾಟ ಕೇಳಿ ಇನಾಯತುಲ್ಲಾ ಅಂಗಡಿಯಿಂದ ಓಡಿಬಂದ. ಅಣ್ಣ ನೆಲದ ಮೇಲಿದ್ದ. ಬೆರಳುಗಳು ತಂತಿಗಳನ್ನು ಇನ್ನೂ ಹಿಡಿದಿದ್ದವು. ಪ್ಲಗ್ಗು ಕೀಳಲು ಬಾಗಿದಾಗ ನೋಡಿದ: ಕೆಂಪು ಕೆಳಗಿತ್ತು. ಕಿತ್ತ. ಅಣ್ಣನಲ್ಲಿ ಉಸಿರಿರಲಿಲ್ಲ. ಪ್ಲಗ್ಗನ್ನು ವೈರಿನಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡ.

ಮೂರನೆಯ ದಿನ ಜಹೀದಾ ಕೇಳಿದಳು: “ಇನಾಯತ್, ಅವತ್ತು ಕಸ ಗುಡಿಸೋವಾಗ ಪ್ಲಗ್ಗು ಕಿತ್ತು ಬಂತು. ನಾನೇ ತಿರ್ಗಾ ಸಿಗಿಸ್ದೆ. ಅದ್ರಿಂದೇನಾದ್ರೂ...”

“ಇಲ್ಲ ಭಾಬಿ. ಅದನ್ನ ಹೆಂಗೆ ಸಿಗಿಸಿದ್ರೂ ಒಂದೇಯ. ತಪ್ಪು ನಾನು ಬೆಸೆದ ವೈರಿಂದು.”

ಅವಳು ಅವನನ್ನೇ ನೋಡಿದಳು. ಮೊದಲು ಅವಳ ಮುಖದಿಂದ ಒಂದು ಭಾರ ಇಳಿಯಿತು. ಆಮೇಲೆ ಆ ಜಾಗದಲ್ಲಿ ಬೇರೊಂದು ತುಂಬಿಕೊಂಡಿತು.

“ಹಂಗಾದ್ರೆ ನೀನೇ ಕೊಂದೆ.”

ಅವನು ತಲೆ ತಗ್ಗಿಸಿದ. ಪೊಲೀಸರಿಗೂ ಅದನ್ನೇ ಹೇಳಿದ. ಊರವರು ಅವನ ಅಂಗಡಿಗೆ ರೇಡಿಯೊ ತರುವುದನ್ನು ಬಿಟ್ಟರು. ಮುಂಗಾರಿಗೆ ಮುಂಚೆ ಬೀಗ ಹಾಕಿ, ವೈ.ಎನ್.ಹೊಸಕೋಟೆಯ ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊರಲು ಸೇರಿಕೊಂಡ. ಪ್ರತಿ ರಂಜಾನಿಗೂ ಶಿರಾಕ್ಕೆ ಹೋಗಿ ಅತ್ತಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವಳು ಒಳಗಿನಿಂದಲೇ ಅಗುಳಿ ಹಾಕುತ್ತಿದ್ದಳು.