ಎರಡನೇ ಸೀಡಿ

ಆಯುಧಪೂಜೆ ಕಳೆದು ನಾಲ್ಕನೆಯ ದಿನ, ಮಧ್ಯಾಹ್ನ ಒಂದೂವರೆಗೆ, ಎಚ್.ಡಿ. ಕೋಟೆ ಬಸ್‌ಸ್ಟ್ಯಾಂಡಿನ ಹಿಂದಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ರಮ್ಯಾ ಬರೆದು ಫ್ಲಾಪಿಯಲ್ಲಿಟ್ಟುಕೊಂಡಿದ್ದ ಪ್ರೋಗ್ರಾಮ್ ಕಂಪೈಲ್ ಆಗದೆ ನಿಂತಿತು. ಪರದೆಯ ಮೇಲೆ ಚೌಕ, ಪಟ್ಟಿ ಬರೆಯಲು ಬೇಕಾದ ಎನ್‌ಕರ್ಸಸ್ ಎಂಬ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಸಿಗುತ್ತಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಹೋದ ವಾರ ಇದೇ ಯಂತ್ರದಲ್ಲಿ ಇದೇ ಪ್ರೋಗ್ರಾಮ್ ಓಡಿತ್ತು.

ಮೂರು ಗಂಟೆಗೆ ಮೈಸೂರಿನಿಂದ ಪರೀಕ್ಷಕರು ಬರುವವರಿದ್ದರು. ಬರೆದದ್ದನ್ನು ಅವರ ಕಣ್ಣೆದುರೇ ಕಂಪೈಲ್ ಮಾಡಿ, ಯಂತ್ರಕ್ಕೆ ಒಗ್ಗುವಂತೆ ಕಟ್ಟಿ, ಓಡಿಸಬೇಕು. ಪಾಸಾದರೆ ಪ್ರಮಾಣಪತ್ರ, ಪ್ರಮಾಣಪತ್ರವಿದ್ದರೆ ಹುಣಸೂರಿನ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ಇಲ್ಲವಾದರೆ ಅವ್ವನ ಜೊತೆ ಮತ್ತೆ ಗೌಡರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು. ಎಷ್ಟು ತಿಕ್ಕಿದರೂ ಆ ಕಪ್ಪು ಅಂಟು ಬೆರಳು ಬಿಡುವುದಿಲ್ಲ.

ರಮ್ಯಾ ಹುಡುಕಿದಳು. ಲೈಬ್ರರಿಯ ಅರ್ಧ ಯಂತ್ರದಲ್ಲೇ ಇತ್ತು. ಆದರೆ ಅದು ಸಿದ್ಧವಾದ ಪ್ರೋಗ್ರಾಮನ್ನು ಓಡಿಸುವ ಅರ್ಧ. ಹೊಸದನ್ನು ಕಟ್ಟಲು ಬೇಕಾದ ಅರ್ಧ ಇರಲಿಲ್ಲ.

"ಸಾರ್, ಹಬ್ಬಕ್ಕೆ ಮುಂಚೆ ಈ ಮಿಷಿನ್‌ಗೆ ಏನು ಮಾಡಿದ್ರಿ?"

ಕೇಂದ್ರದ ಮಾಲೀಕ ನಟರಾಜು ಪೇಪರಿನಿಂದ ತಲೆಯೆತ್ತಲಿಲ್ಲ. "ಕಿಲೀನ್ ಮಾಡ್ದೆ ಕಣಮ್ಮ. ಹಳೇದೆಲ್ಲ ಅಳಿಸಿ ಹೊಸ್ದಾಗಿ ಲಿನಕ್ಸ್ ಹಾಕ್ದೆ. ಪೂಜೆಗೆ ಗಲೀಜು ಮಿಷಿನ್ ಇಡಕಾಯ್ತದಾ?"

"ಎಷ್ಟು ಸೀಡಿ ಹಾಕಿದ್ರಿ?"

"ಒಂದು. ಅಷ್ಟಕ್ಕೇ ಮಿಷಿನ್ ಎದ್ದು ಕೂತ್ಕತು. ಇನ್ನೇನು ಬೇಕಿತ್ತು ನಿಂಗೆ?"

ಅವಳಿಗೆ ಬೇಕಿದ್ದದ್ದು ಎರಡನೇ ಸೀಡಿಯಲ್ಲಿತ್ತು. ಮೂರು ಸೀಡಿಗಳ ಪೆಟ್ಟಿಗೆ ಲಕ್ಷ್ಮಿ ಪಟದ ಕೆಳಗಿನ ಹಲಗೆಯ ಮೇಲಿತ್ತು. ಆ ಹಲಗೆಯನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ಅಲ್ಲಿ ಯಾವ ಬೋರ್ಡೂ ಇರಲಿಲ್ಲ. ಬೋರ್ಡು ಹಾಕಿದರೆ ಕೇಸಾಗುತ್ತದೆ. ಒಂದು ವರ್ಷದಿಂದ ರಮ್ಯಾಗೆ ಸೀಡಿ ಬೇಕಾದಾಗಲೆಲ್ಲ ನಟರಾಜು ಬೇರೆಯವರನ್ನು ಕರೆಯುತ್ತಿದ್ದ. ಕೇರಿಯವರ ಫೀಜು ಮಾತ್ರ ಕೈಗೆ ಕೈ ತಗುಲಿಸಿಯೇ ತೆಗೆದುಕೊಳ್ಳುತ್ತಿದ್ದ.

"ಹರ್ಷಿತಾ, ಎರಡ್ನೇದು ತೆಗ್ದು ಹಾಕವ್ವ ಅವಳಿಗೆ."

ಪಕ್ಕದಲ್ಲಿ ಕೂತಿದ್ದ ಸಹಪಾಠಿ ಹರ್ಷಿತಾ ಸೀಡಿ ತಂದು ಡ್ರೈವಿಗೆ ಹಾಕಿದಳು. ಡ್ರೈವು ಗುರ್ರೆಂದು ತಿರುಗಿ, ನಿಂತು, ಮತ್ತೆ ತಿರುಗಿತು. ಓದಲಾಗುತ್ತಿಲ್ಲ. ಇನ್ನೊಂದು ಯಂತ್ರಕ್ಕೆ ಹಾಕಿದರು. ಅಲ್ಲೂ ಅದೇ.

ನಟರಾಜು ಎದ್ದು ಬಂದ. "ನೀನು ಮುಟ್ಟಿದ್ಯಾ ಅದ್ನ?"

"ಇಲ್ಲ ಸಾರ್."

"ಮುಟ್ಟಿರ್ತೀಯ. ಹಬ್ಬದ ದಿನ ಚೆನ್ನಾಗಿತ್ತು. ನಿಮ್ಮೋರ್ನ ಒಳಕ್ಕೆ ಬಿಟ್ಕೊಂಡ್ರೆ ಹಿಂಗೇಯ."

ಸೀಡಿ ತಂದು ಹಾಕಿದ್ದ ಹರ್ಷಿತಾ ಕೀಬೋರ್ಡು ನೋಡುತ್ತಾ ಕೂತಳು.

ರಮ್ಯಾ ಡ್ರೈವಿನ ಗುಂಡಿ ಒತ್ತಿ, ತಾನೇ ಸೀಡಿ ತೆಗೆದು, ತಿರುಗಿಸಿದಳು. ಹೊಳೆಯುವ ಮಗ್ಗುಲಿನ ಮೇಲೆ ಗಂಧದ ಮೂರು ಪಟ್ಟೆ. ನಡುವೆ ಹೆಬ್ಬೆರಳಿನಗಲ ಕುಂಕುಮ. ಒಣಗಿ ಹಕ್ಕಳೆಯಾಗಿತ್ತು.

"ಇದು ಯಾರ ಬೆರಳು ಸಾರ್?"

ಹಬ್ಬದ ದಿನ ಮಾನಿಟರಿಗೆ, ಸ್ಟೆಬಿಲೈಸರಿಗೆ, ಮೌಸಿಗೆ ಗಂಧ ಕುಂಕುಮ ಹಚ್ಚುತ್ತಾ ಬಂದ ನಟರಾಜು ಸೀಡಿಗಳನ್ನೂ ಬಿಟ್ಟಿರಲಿಲ್ಲ. ಹೊಳೆಯುವುದೇ ಮುಖ ಎಂದುಕೊಂಡು ಅದಕ್ಕೇ ಹಚ್ಚಿದ್ದ.

ರಮ್ಯಾ ಸೀಡಿ ಹಿಡಿದು ಹೊರಗಿನ ನಲ್ಲಿಯ ಕಡೆ ಹೊರಟಳು. ಅವನು ಬಾಗಿಲಿಗೆ ಅಡ್ಡ ನಿಂತ.

"ಪೂಜೆ ಆಗಿರೋ ವಸ್ತು ಕಣಮ್ಮ ಅದು. ನೀನು ತೊಳುದ್ರೆ ಏನಾಯ್ತದೆ ಗೊತ್ತಾ?"

"ಓದ್ತದೆ ಸಾರ್. ಜರುಗಿ."

ಅವನು ಜರುಗಿದ. ಜರುಗದಿದ್ದರೆ ಅವಳ ಭುಜ ತಾಗುತ್ತಿತ್ತು. ಅವಳು ನಲ್ಲಿಯಡಿ ಗಂಧ ನೆನೆಸಿ ಬಿಡಿಸಿ, ನಡುವಿನಿಂದ ಅಂಚಿಗೆ ವೇಲಿನ ತುದಿಯಲ್ಲಿ ಒರೆಸಿ ತಂದು ಹಾಕಿದಳು. ಡ್ರೈವು ಒಂದೇ ಸಲಕ್ಕೆ ಓದಿತು. ಲೈಬ್ರರಿಯ ಉಳಿದರ್ಧ ಯಂತ್ರಕ್ಕೆ ಇಳಿಯಿತು.

ಪರೀಕ್ಷಕರು ಮೂರೂ ಇಪ್ಪತ್ತಕ್ಕೆ ಬಂದರು. ಬೆವರೊರೆಸಿಕೊಳ್ಳುತ್ತಾ ರಮ್ಯಾಳ ಹಿಂದೆ ನಿಂತರು. ಪ್ರೋಗ್ರಾಮ್ ಕಂಪೈಲ್ ಆಯಿತು. ಪರದೆಯ ಮೇಲೆ ಊರಿನ ರೇಷನ್ ಕಾರ್ಡುಗಳ ಪಟ್ಟಿ ಚೌಕ ಚೌಕವಾಗಿ ನಿಂತಿತು.

"ಪರವಾಗಿಲ್ವೇ. ಬೇರೆ ಸೆಂಟರ್‌ಗಳಲ್ಲಿ ಈ ಲೈಬ್ರರಿ ಇಲ್ಲ ಅಂತ ಅತ್ತುಬಿಟ್ಟಿದ್ರು. ಇಲ್ಲಿ ಯಾರು ಹಾಕಿದ್ದು?"

"ನಾನೇ ಸಾರ್," ಎಂದ ನಟರಾಜು. "ಈ ಹುಡ್ಗೀಗೆ ಏನೂ ಬರಲ್ಲ. ಬೆಳಗ್ಗಿಂದ ನಾನೇ ಕೂತು ಮಾಡ್ಕೊಟ್ಟೆ."

ಪರೀಕ್ಷಕರ ಪೆನ್ನು ಅಂಕಪಟ್ಟಿಯ ಮೇಲೆ ತಡೆಯಿತು.

ರಮ್ಯಾ ಕೀಬೋರ್ಡಿಗೆ ಬಾಗಿದಳು. ತಾನು ಬರೆದದ್ದನ್ನು ಉಳಿಸಿಕೊಂಡು, ಕಂಪೈಲ್ ಆಗಿ ಸಿದ್ಧವಾದ ಪ್ರೋಗ್ರಾಮನ್ನು ಅಳಿಸಿದಳು. ಆಗಷ್ಟೇ ಇಳಿಸಿದ ಲೈಬ್ರರಿಯನ್ನು ಕಿತ್ತುಹಾಕಿದಳು. ಮತ್ತೆ ಕಂಪೈಲ್ ಮಾಡಿದಳು. ಮಧ್ಯಾಹ್ನದ ಅದೇ ತಕರಾರು ಪರದೆಗೆ ಬಂತು. ಅವಳು ಸೀಡಿಯನ್ನು ಮೇಜಿನ ಮೇಲಿಟ್ಟು ಕುರ್ಚಿ ಬಿಟ್ಟೆದ್ದಳು.

"ತೆಗ್ದಿದ್ದೀನಿ ಸಾರ್. ಇವ್ರೇ ಹಾಕಿದ್ದಂತಲ್ಲ, ಇನ್ನೊಂದ್ಸಲ ಹಾಕ್ಲಿ."

ನಟರಾಜು ಪರದೆ ನೋಡಿದ, ಸೀಡಿ ನೋಡಿದ. ಎರಡು ಕೈಯೂ ಬೆನ್ನ ಹಿಂದೆಯೇ ಇದ್ದವು.

"ತಗೊಳ್ರಿ ನಟರಾಜು," ಎಂದರು ಪರೀಕ್ಷಕರು.

"ಅದು... ಅವ್ಳು ಮುಟ್ಟವ್ಳೆ ಸಾರ್."

ಪರೀಕ್ಷಕರು ನಟರಾಜುವಿಗೆ ಬುದ್ಧಿ ಹೇಳಲಿಲ್ಲ, ಕಾನೂನು ಹೇಳಲಿಲ್ಲ. ಗಡಿಯಾರ ನೋಡಿದರು.

"ನಿಮ್ಮ ಜಗಳ ನಂಗೆ ಬೇಡ. ನಾಲ್ಕೂವರೆಗೆ ಬಸ್ಸಿದೆ. ಯಾರಿಗೆ ಬರುತ್ತೋ ಅವರು ಮಾಡಿ."

ರಮ್ಯಾ ಮತ್ತೆ ಕೂತಳು. ಐದು ನಿಮಿಷದಲ್ಲಿ ಪಟ್ಟಿ ಪರದೆಗೆ ಬಂತು. ಪರೀಕ್ಷಕರು ಅಂಕ ಬರೆದು, ಸಹಿ ಹಾಕಿ, ಪ್ರಮಾಣಪತ್ರವನ್ನು ಅವಳ ಕೈಗೇ ಕೊಟ್ಟು ಇಳಿದು ಹೋದರು.

"ನಾಳೆಯಿಂದ ಈ ಮೆಟ್ಲು ಹತ್ಬೇಡ ನೀನು," ಎಂದ ನಟರಾಜು.

"ಯಾಕೆ ಹತ್ಲಿ?" ಎಂದಳು ರಮ್ಯಾ. "ಇಲ್ಲಿ ಕಲಿಯೋಕೆ ಇನ್ನೇನೈತೆ?"